ತಾತನ ಬುಲೆಟ್ಟಿಗೆ ಗ್ರೈಂಡರ್ ಹಿಡಿಯುವ ಮುಂಚೆ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ್ದು. ಮನೆಯಲ್ಲಿ ಹಳೇ ಬೈಕ್ ಇದೆ, ಅದನ್ನು ಕೆಫೆ ರೇಸರ್ (ಬೇಡದ್ದನ್ನು ಕಿತ್ತು, ಹ್ಯಾಂಡಲ್ ತಗ್ಗಿಸಿ, ರೇಸ್ ಬೈಕಿನಂತೆ ಮಾಡಿದ ಬೈಕು) ಮಾಡಬೇಕು, ಹೇಗೆ? ಎಲ್ಲರೂ ಒಟ್ಟಿಗೇ ಮಾತಾಡಿಕೊಂಡು ಬರೆದಂತಿದೆ. ಹಾಗಾಗಿ ಈ ಬಾರಿಯ ಪುಟ ಪೂರ್ತಿ ಅದಕ್ಕೇ. ಚೈನ್ ಸದ್ದು, ಮೈಲೇಜ್ ಅಂತ ಕೇಳಿದವರು ಮುಂದಿನ ಸಂಚಿಕೆವರೆಗೆ ಕಾಯಿರಿ, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಸರ್, ನಮ್ಮ ತಾತನ ಬುಲೆಟ್ 350 ಹನ್ನೆರಡು ವರ್ಷದಿಂದ ಶೆಡ್ಡಿನಲ್ಲಿ ನಿಂತಿದೆ. ಅವರು ಹೋದ ಮೇಲೆ ಯಾರೂ ಮುಟ್ಟಿಲ್ಲ. ಗೇರ್ ಬಲಗಡೆ ಇರುವ ಹಳೇ ಮಾಡೆಲ್. ಕಿಕ್ಕರ್ ಅಲ್ಲಾಡುವುದೇ ಇಲ್ಲ. ಇದನ್ನು ಕೆಫೆ ರೇಸರ್ ಮಾಡಬೇಕು ಅಂತ ಆಸೆ. ಗ್ರೈಂಡರ್ ತಂದಿಟ್ಟಿದ್ದೇನೆ. ಮೊದಲು ಎಲ್ಲಿ ಕತ್ತರಿಸಬೇಕು? – ಮೊಮ್ಮಗ

ಮೊದಲು ಗ್ರೈಂಡರನ್ನು ಅಟ್ಟಕ್ಕೆ ಹಾಕಿ. ಏಣಿಯನ್ನು ಪಕ್ಕದ ಮನೆಯವರಿಗೆ ಕೊಟ್ಟುಬಿಡಿ.

ತಮಾಷೆ ಅಲ್ಲ. ನನ್ನ ಕೈಗೆ ಬಂದ ಅರ್ಧಂಬರ್ಧ ಕೆಫೆ ರೇಸರ್‌ಗಳೆಲ್ಲ ಒಂದೇ ಥರ ಕೆಟ್ಟವು. ಹುಡುಗ ಮೊದಲ ದಿನವೇ ಹಿಂದಿನ ಚಾಸಿ ಕತ್ತರಿಸಿರುತ್ತಾನೆ. ಆಮೇಲೆ ನೋಡಿದರೆ ಬ್ಯಾರೆಲ್ (ಪಿಸ್ಟನ್ ಓಡುವ ಸಿಲಿಂಡರ್) ಹೋಗಿದೆ, ಕಾರ್ಬುರೇಟರ್ ಕಟ್ಟಿಕೊಂಡಿದೆ, ವೈರಿಂಗ್ ಇಲಿ ತಿಂದಿದೆ. ಅಷ್ಟರಲ್ಲಿ ಹುಮ್ಮಸ್ಸೂ ಖಾಲಿ, ಕಾಸೂ ಖಾಲಿ. ಬೈಕು ಗೋಣಿಚೀಲದಲ್ಲಿ. ನಿಮ್ಮ ತಾತನ ಬೈಕು ಮೊದಲು ಹೇಗಿತ್ತೋ ಹಾಗೇ ಓಡಲಿ. ಒಂದು ತಿಂಗಳು ಓಡಿಸಿ. ಆಗ ಏನು ಬದಲಿಸಬೇಕು ಅಂತ ಬೈಕೇ ಹೇಳುತ್ತದೆ.

ಕಿಕ್ಕರ್ ಅಲ್ಲಾಡುತ್ತಿಲ್ಲ ಎಂದಿರಿ. ಅದರ ಮೇಲೆ ಹತ್ತಿ ಕುಣಿಯಬೇಡಿ. ಒಳಗಿನ ಹಲ್ಲು ಮುರಿಯುತ್ತದೆ ಅಷ್ಟೇ. ಪ್ಲಗ್ ಬಿಚ್ಚಿ. ಡೀಸೆಲ್ ಮತ್ತು ಎಂಜಿನ್ ಆಯಿಲ್ ಸಮ ಬೆರೆಸಿ ಆ ತೂತಿಗೆ ಒಂದು ಸಣ್ಣ ಲೋಟದಷ್ಟು ಹಾಕಿ ಮೂರು ನಾಲ್ಕು ದಿನ ಬಿಡಿ. ಕಡಿಮೆಯಾದರೆ ಮತ್ತೆ ಹಾಕಿ. ಆಮೇಲೆ ಬೈಕನ್ನು ಟಾಪ್ ಗೇರಿಗೆ ಹಾಕಿ, ಸೆಂಟರ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಹಿಂದಿನ ಚಕ್ರ ಹಿಡಿದು ಹಿಂದೆ ಮುಂದೆ ತೂಗಿ. ಕಿಕ್ಕರಿಗಿಂತ ಇಲ್ಲಿ ಪೆಟ್ಟು ಕಮ್ಮಿ. ನನ್ನದೊಂದು ಹನ್ನೊಂದನೇ ದಿನ ಬಿಟ್ಟುಕೊಂಡಿತು. ಮೊದಲು ಕೂದಲೆಳೆಯಷ್ಟು ಅಲ್ಲಾಡಿದ ಹಾಗಾಯಿತು, ಭ್ರಮೆ ಇರಬೇಕು ಅಂದುಕೊಂಡೆ. ಮತ್ತೆ ತೂಗಿದೆ. 'ಟಕ್' ಅಂತ ಸಣ್ಣ ಸದ್ದು. ಪ್ಲಗ್ ತೂತಿನಿಂದ ಕಪ್ಪು ಡೀಸೆಲ್ ಚಿಮ್ಮಿ ನೇರ ನನ್ನ ಬನಿಯನ್ನಿಗೆ. ನೀವು ತೂತಿನ ಮೇಲೊಂದು ಬಟ್ಟೆ ಹಾಕಿಕೊಳ್ಳಿ.

ಬಿಟ್ಟುಕೊಂಡಿತು ಅಂತ ಕೂಡಲೇ ಸ್ಟಾರ್ಟ್ ಮಾಡಬೇಡಿ. ಹೆಡ್ ಬಿಚ್ಚಿ ಬ್ಯಾರೆಲ್ ಒಳಗೆ ನೋಡಿ. ಪಿಸ್ಟನ್ ರಿಂಗ್ ಅಂಟಿಕೊಂಡಿದ್ದ ಜಾಗದಲ್ಲಿ ತುಕ್ಕಿನ ಉಂಗುರ ಕಾಣುತ್ತದೆ. ಅದರ ಮೇಲೆ ಉಗುರು ಎಳೆಯಿರಿ. ಜಾರಿದರೆ ಹೋನಿಂಗ್, ಅಂದರೆ ಒಳಗೋಡೆಯನ್ನು ತೆಳುವಾಗಿ ಉಜ್ಜುವುದು, ಸಾಕಾಗಬಹುದು. ಉಗುರು ಸಿಕ್ಕಿಕೊಂಡರೆ ಬೋರ್ ಮಾಡಿಸಿ (ಬ್ಯಾರೆಲ್ ಕೊರೆಸಿ ಅಗಲ ಮಾಡಿಸಿ) ಓವರ್‌ಸೈಜ್ ಪಿಸ್ಟನ್ ಹಾಕಿಸಲೇಬೇಕು.

ಇನ್ನೊಂದು ವಿಷಯ ಬುಲೆಟ್ಟಿನವರಿಗೆ ಮಾತ್ರ. ಇದರ ಆಯಿಲ್ ಟ್ಯಾಂಕ್ ಎಂಜಿನ್ ಕೇಸಿನ ಒಳಗೇ ಒಂದು ಬೇರೆ ಕೋಣೆ. ವರ್ಷಗಟ್ಟಲೆ ನಿಂತರೆ ಆಯಿಲ್ ನಿಧಾನಕ್ಕೆ ಪಂಪ್ ದಾಟಿ ಪಿಸ್ಟನ್ ಕೆಳಗಿನ ಕ್ರ್ಯಾಂಕ್ ಇರುವ ಕಡೆ ಇಳಿದುಬಿಡುತ್ತದೆ. ಕಡ್ಡಿ ಅದ್ದಿ ನೋಡಿದರೆ ಟ್ಯಾಂಕ್ ಖಾಲಿ. ಆಯಿಲ್ ಕಮ್ಮಿ ಅಂತ ಮೇಲಿಂದ ಇನ್ನಷ್ಟು ಹಾಕಿ ಕಿಕ್ ಹೊಡೆದರೆ ಬೀದಿ ತುಂಬ ಬಿಳಿ ಹೊಗೆ, ಆಯಿಲ್ ಸಿಕ್ಕಸಿಕ್ಕ ಸಂದಿಯಿಂದೆಲ್ಲ ಹೊರಗೆ. ಕೆಳಗಿನ ಡ್ರೈನ್ ಬೋಲ್ಟುಗಳನ್ನು ಬಿಚ್ಚಿ ಎಲ್ಲ ಖಾಲಿ ಮಾಡಿ, ಹೊಸದು ತುಂಬಿ.

ಪೆಟ್ರೋಲ್ ಟ್ಯಾಂಕಿನ ತುಕ್ಕಿಗೆ ವಿನೆಗರ್ ತುಂಬಿಸಿ ಒಂದೆರಡು ದಿನ ಬಿಡಿ, ಒಂದು ತುಂಡು ಹಳೇ ಚೈನ್ ಹಾಕಿ ಕುಲುಕಿ. ಚೈನ್ ಯಾಕೆ ಅಂದರೆ ನಟ್ಟು ಬೋಲ್ಟು ಹಾಕಿದರೆ ಒಂದು ಒಳಗೇ ಉಳಿಯುತ್ತದೆ, ಜೀವನಪೂರ್ತಿ ಗಲಗಲ. ವಿನೆಗರ್ ಚೆಲ್ಲಿದ ಮೇಲೆ ಸೋಡಾಪುಡಿ ನೀರಿನಲ್ಲಿ ತೊಳೆದು, ತಕ್ಷಣ ಒಣಗಿಸಿ, ಸ್ವಲ್ಪ ಆಯಿಲ್ ಸವರಿ. ಒಂದು ಗಂಟೆ ಹಾಗೇ ಬಿಟ್ಟರೂ ಹೊಸ ತುಕ್ಕು ಶುರು.

ಟೈರಿನ ಪಕ್ಕದಲ್ಲಿ ಪುಟ್ಟ ಚೌಕಟ್ಟಿನಲ್ಲಿ ನಾಲ್ಕು ಅಂಕಿ ಇರುತ್ತವೆ. 2211 ಅಂತಿದ್ದರೆ 2011ರ 22ನೇ ವಾರ ತಯಾರಾದದ್ದು. ಮೂರೇ ಅಂಕಿ ಇದ್ದರೆ 2000ಕ್ಕಿಂತ ಹಿಂದಿನದು. ಗೀರು ಎಷ್ಟೇ ಚೆನ್ನಾಗಿದ್ದರೂ ಅಂಥ ರಬ್ಬರ್ ಕಲ್ಲಾಗಿರುತ್ತದೆ, ಬದಲಿಸಿ. ಬ್ರೇಕ್ ಡ್ರಮ್ಮಿನ ಧೂಳನ್ನು ಊದಬೇಡಿ. ಹಳೇ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆ ಕಟ್ಟಿ ಎಸೆಯಿರಿ.

ಬಿಚ್ಚುವಾಗ ಪ್ರತಿ ಹೆಜ್ಜೆಗೂ ಫೋಟೋ ತೆಗೆಯಿರಿ. ನಟ್ಟು ಬೋಲ್ಟುಗಳನ್ನು ಮೊಟ್ಟೆ ಟ್ರೇಯಲ್ಲಿ ಬಿಚ್ಚಿದ ಕ್ರಮದಲ್ಲೇ ಇಡಿ. ನಾನು ಈಗಲೂ ಹಾಗೇ ಮಾಡುವುದು. ಮತ್ತೆ, ಟೂಲ್ ಬಾಕ್ಸ್ ಮುಚ್ಚಳ ತೆಗೆಯುವಾಗ ಸ್ವಲ್ಪ ನಿಧಾನ. ನಮ್ಮಪ್ಪನ ಬೈಕಿನ ಡಬ್ಬಿಯಲ್ಲಿ ಸ್ಪ್ಯಾನರುಗಳ ಅಡಿ ಮಡಚಿದ ಚೀಟಿಯೊಂದಿತ್ತು. ಪೆನ್ಸಿಲ್ಲಿನಲ್ಲಿ ಆಯಿಲ್ ಬದಲಿಸಿದ ತಾರೀಕುಗಳು, ಪಕ್ಕದಲ್ಲಿ ಮೀಟರಿನ ಅಂಕಿ. ಕೊನೆಯ ಸಾಲಿನಲ್ಲಿ ತಾರೀಕು ಇತ್ತು, ಅಂಕಿ ಇರಲಿಲ್ಲ. ಅಷ್ಟೊತ್ತಿಗೆ ಮೀಟರ್ ಕೇಬಲ್ ತುಂಡಾಗಿತ್ತು ಅನ್ನುವುದು ಕೇಬಲ್ ಬಿಚ್ಚಿದಾಗ ಗೊತ್ತಾಯಿತು.

ಪ್ರಶ್ನೆ: ಅಂಕಲ್, ನಾನು ಹತ್ತನೇ ಕ್ಲಾಸ್. ಬೈಕಿಗೂ ಕೆಫೆಗೂ ಏನು ಸಂಬಂಧ? – ಓದುಗಿ

ಒಳ್ಳೆ ಪ್ರಶ್ನೆ ಕಣಮ್ಮ. ದೊಡ್ಡವರು ಯಾರೂ ಇದನ್ನು ಕೇಳಲಿಲ್ಲ.

ಇದು 1950 ಮತ್ತು 60ರ ದಶಕದ ಇಂಗ್ಲೆಂಡಿನ ಕಥೆ. ಲಾರಿ ಡ್ರೈವರುಗಳಿಗಾಗಿ ರಾತ್ರಿಯೆಲ್ಲ ತೆರೆದಿರುತ್ತಿದ್ದ ಹೋಟೆಲುಗಳಲ್ಲಿ ಬೈಕ್ ಹುಡುಗರು ಸೇರುತ್ತಿದ್ದರು. ಅದರಲ್ಲಿ ಹೆಸರುವಾಸಿ ಲಂಡನ್ನಿನ ನಾರ್ತ್ ಸರ್ಕ್ಯುಲರ್ ರಸ್ತೆಯ ಏಸ್ ಕೆಫೆ. 1938ರಲ್ಲಿ ಶುರುವಾಗಿ 1969ರಲ್ಲಿ ಮುಚ್ಚಿ, 2001ರಲ್ಲಿ ಮತ್ತೆ ತೆರೆಯಿತು. ಟೀ ಕುಡಿದು ಒಂದು ಕೆಫೆಯಿಂದ ಇನ್ನೊಂದು ಕೆಫೆಗೆ ರೇಸ್ ಹೊಡೆಯುವುದು ಅವರ ಚಟ. ಗಂಟೆಗೆ ನೂರು ಮೈಲಿ, ಅಂದರೆ ಸುಮಾರು 160 ಕಿಲೋಮೀಟರ್ ಮುಟ್ಟುವುದನ್ನು 'ಟನ್' ಅನ್ನುತ್ತಿದ್ದರು. ನಿಜವಾದ ರೇಸ್ ಬೈಕ್ ಕೊಳ್ಳಲು ಅವರ ಹತ್ತಿರ ದುಡ್ಡಿರಲಿಲ್ಲ. ಇದ್ದ ಬೈಕಿನಲ್ಲೇ ಬೇಡದ್ದನ್ನು ಕಿತ್ತು, ಹ್ಯಾಂಡಲ್ ತಗ್ಗಿಸಿ, ಫುಟ್‌ರೆಸ್ಟ್ ಹಿಂದಕ್ಕೆ ಸರಿಸಿದರು. ನಾರ್ಟನ್ ಬೈಕಿನ 'ಫೆದರ್‌ಬೆಡ್' ಚಾಸಿಗೆ ಟ್ರಯಂಫ್ ಎಂಜಿನ್ ಕೂರಿಸಿ 'ಟ್ರೈಟನ್' ಅಂತ ಹೆಸರಿಟ್ಟರು. ಒಂದರದ್ದು ಚಾಸಿ ಚೆನ್ನ, ಇನ್ನೊಂದರದ್ದು ಎಂಜಿನ್ ಚೆನ್ನ, ಗಂಟು ಹಾಕಿದರು. ಹುಡುಗರು ಮನೆಯಲ್ಲಿ ಮಾಡುತ್ತಿದ್ದುದನ್ನು 1965ರ ಹೊತ್ತಿಗೆ ರಾಯಲ್ ಎನ್‌ಫೀಲ್ಡ್ ಕಂಪನಿಯೇ 250 ಸಿಸಿ ಕಾಂಟಿನೆಂಟಲ್ ಜಿಟಿ ಅಂತ ಮಾಡಿ ಮಾರಿತು.

ಓದು ಮುಗಿಸು. ಆಮೇಲೆ ಸ್ಪ್ಯಾನರ್ ಹಿಡಿ.

ಪ್ರಶ್ನೆ: ನಿಮ್ಮ ಹಿಂದಿನ ಅಂಕಣ ಓದಿ ಧೈರ್ಯ ಬಂದಿದೆ. ಅಪ್ಪನ ಬುಲೆಟ್ ಈಗ ಚೆನ್ನಾಗಿ ಓಡುತ್ತಿದೆ. ಕ್ಲಿಪ್-ಆನ್ ಹ್ಯಾಂಡಲ್, ಹಿಂದಕ್ಕೆ ಸರಿಸಿದ ಫುಟ್‌ರೆಸ್ಟ್, ಗೂನು ಸೀಟ್ ಮೂರೂ ಬೇಕು. ಯಾವುದರಿಂದ ಶುರು ಮಾಡಲಿ? – ಅಪ್ಪನ ಮಗ

ಹ್ಯಾಂಡಲ್ಲಿಂದ. ಆದರೆ ಕ್ಲಿಪ್-ಆನ್ ಬೇಡ, ಕನಿಷ್ಠ ಈಗಲೇ ಬೇಡ.

ಕ್ಲಿಪ್-ಆನ್ ಎರಡು ತುಂಡು. ಮುಂದಿನ ಚಕ್ರ ಹಿಡಿದಿರುವ ಫೋರ್ಕಿನ ಪೈಪುಗಳನ್ನೇ ಕಚ್ಚಿಕೊಂಡು ಕೂರುತ್ತವೆ. ಹಳೇ ಬುಲೆಟ್ಟಿನ ಮುಂಭಾಗ ನೋಡಿ. ಹೆಡ್‌ಲೈಟ್, ಮೀಟರ್, ಆಂಪಿಯರ್ ಮೀಟರ್ ಎಲ್ಲ ಕೂತಿರುವ ಆ ದಪ್ಪ ಎರಕದ ಭಾಗ ಬರೀ ಅಲಂಕಾರಕ್ಕಲ್ಲ. ಫೋರ್ಕಿನ ಮೇಲ್ತುದಿಯನ್ನು ಹಿಡಿದಿರುವುದೂ ಅದೇ. ಅದರ ಕೆಳಗೆ ತಗಡಿನ ಕೊಳವೆ ಮುಚ್ಚಿದೆ. ಕ್ಲಿಪ್-ಆನ್ ಕಚ್ಚಲು ಜಾಗವೇ ಇಲ್ಲ. ಅದು ಬೇಕೇ ಬೇಕು ಅಂದರೆ ಇಡೀ ಮುಂಭಾಗ ಬದಲಾಗಬೇಕು, ಬುಲೆಟ್ಟಿನ ಮುಖವೇ ಹೋಗುತ್ತದೆ. ನನಗಂತೂ ಅದು ಮನಸ್ಸಿಗೆ ಬರುವುದಿಲ್ಲ. ಬದಲಿಗೆ 'ಏಸ್ ಬಾರ್' ಅನ್ನುವ ಒಂದೇ ತುಂಡಿನ ಹ್ಯಾಂಡಲ್ ಸಿಗುತ್ತದೆ. ಮುಂದಕ್ಕೆ ಹೋಗಿ ಕೆಳಕ್ಕೆ ಬಾಗುತ್ತದೆ. ಇರುವ ಕ್ಲ್ಯಾಂಪಿಗೇ ಕೂರುತ್ತದೆ. ಬೇಡವೆನಿಸಿದರೆ ಅರ್ಧ ಗಂಟೆಯಲ್ಲಿ ಹಳೆಯದು ವಾಪಸ್.

ಹಾಕಿದ ಮೇಲೆ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ. ಟ್ಯಾಂಕಿಗೂ ಹಿಡಿಗೂ ನಡುವೆ ಹೆಬ್ಬೆರಳು ಸಿಕ್ಕಿಕೊಳ್ಳುತ್ತದಾ? ಎಂಜಿನ್ ಸ್ಟಾರ್ಟ್ ಮಾಡಿ ಮತ್ತೆ ತಿರುಗಿಸಿ. ತಿರುಗಿಸಿದಾಗ ಐಡಲ್ (ಆಕ್ಸಿಲರೇಟರ್ ಕೊಡದಿದ್ದಾಗಿನ ಎಂಜಿನ್ ವೇಗ) ಏರಿದರೆ ಆಕ್ಸಿಲರೇಟರ್ ಕೇಬಲ್ ಎಳೆಯುತ್ತಿದೆ ಅಂತ. ಯು-ಟರ್ನ್ ಹೊಡೆಯುವಾಗ ಬೈಕು ತಾನಾಗಿ ಮುಂದಕ್ಕೆ ನುಗ್ಗುವುದು ಹೀಗೇ.

ಫುಟ್‌ರೆಸ್ಟ್ ಸ್ವಲ್ಪ ಜಾಣತನದ ಕೆಲಸ. ಅದು ಹಿಂದಕ್ಕೆ ಸರಿದರೆ ಪಾದಕ್ಕೆ ಗೇರ್ ಲಿವರ್ ಎಟುಕುವುದಿಲ್ಲ. ಹಳೇ ಬುಲೆಟ್ಟಿನ ಗೇರ್ ಬಲಗಡೆ, ಮೊದಲನೇ ಗೇರ್ ಮೇಲಕ್ಕೆ, ಉಳಿದ ಮೂರು ಕೆಳಕ್ಕೆ. ಗೇರ್ ಲಿವರನ್ನೇ ಹಿಂದಕ್ಕೆ ತಿರುಗಿಸಿ ಹಾಕಿದರೆ ಇದು ತಿರುವುಮುರುವಾಗುತ್ತದೆ. ಮೊದಲನೆಯದು ಕೆಳಕ್ಕೆ, ಉಳಿದವು ಮೇಲಕ್ಕೆ. ರಾಡ್ ಕೊಟ್ಟು ಜೋಡಿಸಿದರೆ, ಗೇರ್ ಶಾಫ್ಟಿನ ಮೇಲಿನ ಸಣ್ಣ ತೋಳು ಮೇಲ್ಮುಖವಾಗಿದೆಯೋ ಕೆಳಮುಖವಾಗಿದೆಯೋ ಅನ್ನುವುದರ ಮೇಲೆ ಗೇರಿನ ದಿಕ್ಕು ನಿಂತಿದೆ. ಯಾವುದಾದರೂ ಸರಿ, ಒಂದನ್ನು ಆರಿಸಿಕೊಂಡು ಖಾಲಿ ಮೈದಾನದಲ್ಲಿ ಕಾಲಿಗೆ ರೂಢಿ ಮಾಡಿಸಿ. ಕಿಕ್ಕರೂ ಬಲಗಡೆಯೇ ಇರುವುದರಿಂದ ಅದು ಇಳಿಯುವ ದಾರಿಯಲ್ಲೇ ಹೊಸ ಫುಟ್‌ರೆಸ್ಟ್ ಬಂದು ನಿಲ್ಲುತ್ತದೆ. ಹಾಗಾಗಿ ಮಡಚುವ ಫುಟ್‌ರೆಸ್ಟೇ ಬೇಕು. ನಾನು ಮಡಚದ್ದನ್ನು ಹಾಕಿ, ಮೊದಲ ಕಿಕ್ಕಿಗೇ ಪಾದದ ಮೇಲ್ಭಾಗ ಊದಿಸಿಕೊಂಡು ವಾರ ಚಪ್ಪಲಿಯಲ್ಲಿ ಓಡಾಡಿದವನು.

ಇನ್ನು ಸೀಟು. ಅಂದರೆ ಕತ್ತರಿಸುವ ವಿಷಯ. ಇಲ್ಲಿ ನನ್ನ ಪಾಪ ಹೇಳಿಕೊಳ್ಳಬೇಕು.

ನಮ್ಮಪ್ಪನ ಬೈಕಿನ ಹಿಂಭಾಗ ಕತ್ತರಿಸಿದಾಗ ನನಗೆ ಇಪ್ಪತ್ತಾರು. ಫೋಟೋದಲ್ಲಿ ನೋಡಿದ ಬೈಕುಗಳ ಹಾಗೆ ಚಿಕ್ಕದಾಗಿ, ಮುದ್ದಾಗಿ ಬೇಕಿತ್ತು. ಹಿಂದಿನ ಶಾಕ್ ಅಬ್ಸಾರ್ಬರಿನ ಮೇಲಿನ ಬೋಲ್ಟ್ ಇದೆಯಲ್ಲ, ಅದಕ್ಕೆ ಎರಡೇ ಬೆರಳು ಬಿಟ್ಟು ಬ್ಲೇಡ್ ಇಟ್ಟೆ. ಬಾಗಿಸಿದ ಪೈಪನ್ನು ಅಲ್ಲಿಗೆ ತಂದು ತುದಿಗೆ ತುದಿ ಮುಟ್ಟಿಸಿ ವೆಲ್ಡ್ ಹೊಡೆದೆ. ಉಜ್ಜಿ ನುಣುಪು ಮಾಡಿದೆ, ಪೇಂಟ್ ಹೊಡೆದೆ, ಚೆಂದ ಕಂಡಿತು. ಮೂರು ತಿಂಗಳಿಗೆ ವೆಲ್ಡಿನ ಪಕ್ಕ ಪೇಂಟಿನಲ್ಲಿ ಕೂದಲಿನಂಥ ಗೀರು. ಪೇಂಟ್ ಬಿಟ್ಟಿದೆ ಅಂದುಕೊಂಡು ಮೇಲೊಂದು ಕೋಟ್ ಹೊಡೆದೆ! ಮತ್ತೆರಡು ವಾರಕ್ಕೆ ಒಂದು ಗುಂಡಿಯಲ್ಲಿ ಇಳಿದಾಗ ಸೀಟು ಎಡಕ್ಕೆ ವಾಲಿತು. ಪೈಪು ಅರ್ಧ ಸುತ್ತು ಸೀಳಿತ್ತು. ನಿಧಾನಕ್ಕೆ ಹೋಗುತ್ತಿದ್ದೆ, ಬದುಕಿದೆ.

ತಪ್ಪು ಎರಡು. ಭಾರವೆಲ್ಲ ಬಂದು ಬೀಳುವ ಶಾಕ್ ಬೋಲ್ಟಿನ ಬುಡದಲ್ಲೇ ಬೆಂಕಿ ಹಚ್ಚಿದ್ದು ಒಂದು. ಒಳಗೆ ಆಧಾರವೇ ಇಲ್ಲದೆ ಬರೀ ತುದಿಗೆ ತುದಿ ಅಂಟಿಸಿದ್ದು ಇನ್ನೊಂದು. ಸರಿಯಾದ ಕ್ರಮ ಅಂದರೆ, ಚಾಸಿಯ ಪೈಪಿನ ಒಳಗೆ ಬಿಗಿಯಾಗಿ ಕೂರುವ ಇನ್ನೊಂದು ಪೈಪಿನ ತುಂಡನ್ನು ಎರಡೂ ಕಡೆ ಹೋಗುವಂತೆ ತೂರಿಸಬೇಕು. ಹೊರಗಿನ ಪೈಪಿಗೆ ತೂತು ಹಾಕಿ ಆ ತೂತುಗಳಲ್ಲೂ ವೆಲ್ಡ್ ತುಂಬಬೇಕು, ಆಮೇಲೆ ಸುತ್ತ. ವೆಲ್ಡಿಂಗಿಗೆ ಮುಂಚೆ ಬ್ಯಾಟರಿ ಬಿಚ್ಚಿ. ಪೆಟ್ರೋಲ್ ಟ್ಯಾಂಕ್ ಬೇರೆ ಕೋಣೆಯಲ್ಲಿರಲಿ. ಚಾಸಿಗೆ ಕೈ ಹಾಕುವ ಮುಂಚೆ ನೋಂದಣಿ ನಿಯಮ ಏನು ಹೇಳುತ್ತದೆ ಅಂತ ಕೇಳಿಕೊಳ್ಳಿ. ಚಾಸಿ ನಂಬರ್ ಇರುವ ಜಾಗದ ಹತ್ತಿರವಂತೂ ಉಜ್ಜುಕಾಗದವನ್ನೂ ತರಬೇಡಿ.

ಆದರೆ ಕತ್ತರಿಸಲೇಬೇಕಾ? ಬೈಕನ್ನು ಗೋಡೆ ಪಕ್ಕ ನಿಲ್ಲಿಸಿ, ಹತ್ತು ಹೆಜ್ಜೆ ದೂರದಿಂದ ಪಕ್ಕದ ಫೋಟೋ ತೆಗೆಯಿರಿ. ಟ್ಯಾಂಕಿನ ತಳದ ಗೆರೆ ಹಾಗೇ ನೇರವಾಗಿ ಸೀಟಿನ ತಳದ ಗೆರೆಗೆ ಸೇರಬೇಕು, ಸೀಟಿನ ಬಾಲ ಹಿಂದಿನ ಚಕ್ರದ ಅಚ್ಚಿನ ಮೇಲೆ ಅಥವಾ ಸ್ವಲ್ಪ ಹಿಂದೆ ಮುಗಿಯಬೇಕು. ಕೆಫೆ ರೇಸರ್ ಅಂತ ಕಣ್ಣಿಗೆ ಅನ್ನಿಸುವುದು ಈ ಗೆರೆಯಿಂದ. ಫೋಟೋದ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದು ನೋಡಿ. ಎಷ್ಟೋ ಸಲ ದಪ್ಪ ಸೀಟ್, ದೊಡ್ಡ ಮಡ್‌ಗಾರ್ಡ್, ಕ್ಯಾರಿಯರ್ ತೆಗೆದರೇ ಗೆರೆ ಸಿಕ್ಕಿಬಿಡುತ್ತದೆ. ನಾನು ಬಿಚ್ಚಿಟ್ಟದ್ದನ್ನೆಲ್ಲ ಒಮ್ಮೆ ತೂಗಿದೆ, 14 ಕಿಲೋ ಆಯಿತು. ಬಿಚ್ಚಿದ್ದನ್ನು ಗುಜರಿಗೆ ಹಾಕಬೇಡಿ. ಆಯಿಲ್ ಸವರಿ, ಕಟ್ಟಿ, ಚೀಟಿ ಅಂಟಿಸಿ ಇಡಿ.

ಪ್ರಶ್ನೆ: ನನ್ನ ಬುಲೆಟ್ 350 ಕೆಫೆ ರೇಸರ್ ರೆಡಿ ಆಗಿದೆ. ಕೋನ್ ಆಕಾರದ ಏರ್ ಫಿಲ್ಟರ್, ಉದ್ದ ಸೈಲೆನ್ಸರ್, ಪೈಪಿಗೆ ಬಟ್ಟೆ ಸುತ್ತಿದ್ದೇನೆ. 160 ಮುಟ್ಟಲು ಇನ್ನೇನು ಮಾಡಬೇಕು? – ಟನ್-ಅಪ್

ಬೇರೆ ಬೈಕ್ ತಗೊಳ್ಳಬೇಕು.

ಹಳೇ ಬುಲೆಟ್ 350 ಅಂದರೆ 18 ಹಾರ್ಸ್‌ಪವರ್. 70 ಮಿಲಿಮೀಟರ್ ಬೋರ್ (ಸಿಲಿಂಡರಿನ ಅಗಲ), 90 ಮಿಲಿಮೀಟರ್ ಸ್ಟ್ರೋಕ್ (ಪಿಸ್ಟನ್ ಓಡುವ ದೂರ). ಪಿಸ್ಟನ್ ದೂರ ಓಡುವ, ನಿಧಾನಕ್ಕೆ ಎಳೆಯುವ ಎಂಜಿನ್. ವೇಗ ಹೆಚ್ಚಿದಂತೆ ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನದಂತೆ ಏರುತ್ತದೆ, ಅಂದರೆ ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು. 110ರಲ್ಲಿ ಓಡುವ ಬೈಕು 160ರಲ್ಲಿ ಓಡಬೇಕೆಂದರೆ ಹತ್ತಿರ ಹತ್ತಿರ ಮೂರು ಪಟ್ಟು ಶಕ್ತಿ ಬೇಕು. ಹೊಟ್ಟೆ ಟ್ಯಾಂಕಿಗಂಟಿಸಿ ಮಲಗಿದರೂ ಅಷ್ಟು ಉಳಿತಾಯ ಆಗಲ್ಲ. ಆ ಮುಂದಿನ ಡ್ರಮ್ ಬ್ರೇಕಿನಲ್ಲಿ 160ರಿಂದ ನಿಲ್ಲಿಸುವ ಯೋಚನೆ ಮಾಡಿದ್ದೀರಾ?

ಅದಕ್ಕಿಂತ ತುರ್ತಿನ ಮಾತು ಬೇರೆ ಇದೆ. ಫಿಲ್ಟರ್ ಬದಲಿಸಿದ ಮೇಲೆ ಜೆಟ್, ಅಂದರೆ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ತಿರುಪು, ಬದಲಿಸಿದ್ದೀರಾ? ಪತ್ರದಲ್ಲಿ ಆ ಸುದ್ದಿಯೇ ಇಲ್ಲ. ಕೋನ್ ಫಿಲ್ಟರಿನಿಂದ ಗಾಳಿ ಜಾಸ್ತಿ ಬರುತ್ತದೆ, ಪೆಟ್ರೋಲ್ ಹಳೇ ಲೆಕ್ಕದ್ದೇ. ಮಿಶ್ರಣ ತೆಳುವಾಗಿ ಎಂಜಿನ್ ಕಾಯುತ್ತದೆ. ಪೂರ್ತಿ ಆಕ್ಸಿಲರೇಟರಿನಲ್ಲಿ ಸ್ವಲ್ಪ ದೂರ ಓಡಿಸಿ, ಕ್ಲಚ್ ಹಿಡಿದು ಅದೇ ಕ್ಷಣ ಎಂಜಿನ್ ಆಫ್ ಮಾಡಿ, ಪಕ್ಕಕ್ಕೆ ನಿಲ್ಲಿಸಿ ಪ್ಲಗ್ ಬಿಚ್ಚಿ ನೋಡಿ. ಬಿಸ್ಕತ್ತಿನ ಬಣ್ಣ ಇದ್ದರೆ ಚಿಂತೆ ಇಲ್ಲ. ಬೆಳ್ಳಗೆ ಸುಣ್ಣದಂತಿದ್ದರೆ ಮೇನ್ ಜೆಟ್ ದೊಡ್ಡದಾಗಬೇಕು. ಅರ್ಧ ಆಕ್ಸಿಲರೇಟರಿನಲ್ಲಿ ತೊಂದರೆ ಇದ್ದರೆ ಕಾರ್ಬುರೇಟರ್ ಒಳಗಿನ ಸೂಜಿಯ ಕ್ಲಿಪ್ಪನ್ನು ಒಂದು ಗೀರು ಕೆಳಗಿಳಿಸಿ, ಸೂಜಿ ಮೇಲೇರುತ್ತದೆ. ಆಗಷ್ಟೇ ತೆರೆದಾಗ ತಡವರಿಸಿದರೆ ಪೈಲಟ್ ಜೆಟ್ ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ.

ಪೈಪಿನ ಬಟ್ಟೆ ಬಿಚ್ಚಿ ಬಿಸಾಕಿ. ಮಳೆ ನೀರು ಕುಡಿದು ಒಳಗಿಂದೊಳಗೆ ತುಕ್ಕು ಹಿಡಿಸುತ್ತದೆ.

ಪ್ರಶ್ನೆ: ನಮಸ್ಕಾರ. ನನಗೆ ಬೈಕಿನ ಬಗ್ಗೆ ಏನೂ ಗೊತ್ತಿಲ್ಲ. ನಮ್ಮ ಮನೆಯವರು ತೀರಿಕೊಂಡು ನಾಲ್ಕು ವರ್ಷ ಆಯಿತು. ಅವರ ಬೈಕನ್ನು ಮಗ ಬಿಚ್ಚಿ ಹರಡಿಕೊಂಡಿದ್ದಾನೆ. ಒಬ್ಬರೇ ಕೂರುವ ಸೀಟು ಹಾಕಿಸುತ್ತಾನಂತೆ, ಅದೇ ಫ್ಯಾಶನ್ನಂತೆ. ಮೂವತ್ತು ವರ್ಷ ಆ ಬೈಕಿನ ಹಿಂದೆ ಕೂತವಳು ನಾನು. ಅವನ ಆಸೆಗೆ ಅಡ್ಡ ಬರಲೂ ಮನಸ್ಸಿಲ್ಲ. ಏನು ಹೇಳಲಿ? – ಒಬ್ಬ ತಾಯಿ

ಅಮ್ಮಾ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಈ ಪುಟ ಮಗನಿಗೆ ತೋರಿಸಿ. ಮುಂದಿನದು ಅವನಿಗೆ ಬರೆದದ್ದು.

ಏನಪ್ಪಾ, ಚಾಸಿ ಕತ್ತರಿಸಿಲ್ಲ ತಾನೆ? ಕತ್ತರಿಸಿಲ್ಲ ಅಂದರೆ ಎಲ್ಲ ಸುಲಭ. ಒಂದೇ ಉದ್ದದ ತೆಳು ಸೀಟ್ ಮಾಡಿಸು, ಇಬ್ಬರಿಗೆ ಸಾಕಾಗುವಷ್ಟು. ಅದರ ಹಿಂದಿನ ಅರ್ಧದ ಮೇಲೆ ಬಂದು ಕೂರುವ ಹಾಗೆ ಫೈಬರ್ ಗೂನೊಂದನ್ನು ಬೇರೆಯಾಗಿ ಮಾಡಿಸು. ಎರಡು ಬೋಲ್ಟು, ಕೈಯಲ್ಲೇ ತಿರುಗಿಸುವಂಥವು, ಸ್ಪ್ಯಾನರೂ ಬೇಡ. ಗೂನು ಹಾಕಿದರೆ ನಿನ್ನ ಕೆಫೆ ರೇಸರ್. ತೆಗೆದರೆ ಅಮ್ಮನ ಜಾಗ. ಸೀಟು ತೆಳು ಅಂತ ಒಳಗಿನ ಸ್ಪಂಜಿನಲ್ಲಿ ಜಿಪುಣತನ ಮಾಡಬೇಡ. ಗಟ್ಟಿ ಸ್ಪಂಜ್ ಕೆಳಗೆ, ಮೆತ್ತನೆಯದು ಮೇಲೆ. ಬರೀ ಮೆತ್ತನೆಯದು ಹಾಕಿದರೆ ಹತ್ತು ನಿಮಿಷಕ್ಕೆ ತಗಡಿನ ಮೇಲೆ ಕೂತ ಹಾಗಾಗುತ್ತದೆ. ಹಿಂದೆ ಕೂರುವವರ ಫುಟ್‌ರೆಸ್ಟ್ ತೆಗೆದು ಹಾಕಿದ್ದರೆ ಹುಡುಕಿ ತಂದಿಡು. ಚಕ್ರದ ಪಕ್ಕದ ಸೀರೆ ಗಾರ್ಡು ಕಣ್ಣಿಗೆ ಚೆನ್ನಾಗಿ ಕಾಣಲ್ಲ ಅಂತ ನೀನು ಹೇಳುತ್ತೀಯ, ಗೊತ್ತು. ಅದಕ್ಕೂ ಬಿಚ್ಚಿ ಹಾಕುವಂಥ ಕ್ಲ್ಯಾಂಪ್ ಮಾಡು.

ಅಮ್ಮಾ, ಸೀಟ್ ಮಾಡುವವರು ಅಳತೆ ತೆಗೆಯುವ ದಿನ ನೀವೂ ಹೋಗಿ. ಅವನ ಹಿಂದೆ ಕೂತು ತೋರಿಸಿ. ಹ್ಯಾಂಡಲ್ ತಗ್ಗಿರುವುದರಿಂದ ಅವನು ಮುಂದಕ್ಕೆ ಬಾಗಿರುತ್ತಾನೆ. ಮೊದಲಿನ ಹಾಗೆ ಭುಜ ಹಿಡಿಯಲು ಎಟುಕುವುದಿಲ್ಲ. ಸೀಟಿಗೆ ಅಡ್ಡಲಾಗಿ ಒಂದು ಬೆಲ್ಟ್ ಹೊಲಿಸಲು ಆಗಲೇ ಹೇಳಿಬಿಡಿ.